ಗ್ರಹಣದ ದಿನ ಏರಿದ ನೀರು

ಲೀಲಾಧರಣ್ಣ ಹೇಳಿದ ಒಂದು ಮಾತನ್ನು ಕೆಮ್ಮಣ್ಣು ಊರಿನ ಅಂಗಾರ ಇವತ್ತಿಗೂ ಕ್ಷಮಿಸಿಲ್ಲ. ಹೋಟೆಲಿನಲ್ಲಿ ಅವರು ಎದುರಿಗೆ ಬಂದು ಕೂತರೆ ಚಹಾದ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋಗುತ್ತಾನೆ. ಮಾತು ದೊಡ್ಡದೇನಲ್ಲ. "ಒಂದು ದಿನದಲ್ಲಿ ಎಂತ ಆಗ್ತದೆ ಮಾರಾಯ?" ಇಷ್ಟೇ.

ಅದು ಹಲಗೆಯ ವಿಷಯ. ಹೊಳೆಯಿಂದ ಗದ್ದೆಗಳ ಕಡೆಗೆ ಬರುವ ತೋಡಿಗೆ ಅಲ್ಲೊಂದು ಕಿಂಡಿ ಅಣೆಕಟ್ಟು ಉಂಟು. ಮಳೆ ನಿಂತು ಮೇಲಿನ ಸಿಹಿನೀರಿನ ಜೋರು ಇಳಿದ ಮೇಲೆ, ಕಡಲಿನ ಉಪ್ಪುನೀರು ಹೊಳೆಯಲ್ಲಿ ಹಿಂದಕ್ಕೆ ಏರಿಬರುತ್ತದೆ. ಅದು ಗದ್ದೆಗೆ ನುಗ್ಗದಿರಲು ಕಂಬಗಳ ನಡುವಿನ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ತುಳಿಯಬೇಕು. ಮಣ್ಣು ಬಿದ್ದರೆ ಅದು ಗೋಡೆ. ಬೀಳದಿದ್ದರೆ ಬರೀ ಮರ. ನೀರು ಏರಿದಾಗ ತೇಲುತ್ತದೆ. ಅಂಗಾರನ ಅಪ್ಪ ಮಾಡುತ್ತಿದ್ದ ಕೆಲಸ ಅದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅಂಗಾರನೂ ಅದನ್ನೇ ಮಾಡಿಕೊಂಡು ಬಂದಿದ್ದ.

೨೦೧೯ರಲ್ಲಿ ಮಳೆ ಹೊತ್ತುಗೊತ್ತಿಲ್ಲದೆ ಸುರಿದು ಎಲ್ಲವೂ ತಡವಾಯಿತು. ಹಲಗೆ ಇಳಿಸುವಷ್ಟರಲ್ಲಿ ಕ್ರಿಸ್ಮಸ್ ಬಂದಿತ್ತು. ಮಣ್ಣು ತುಂಬುವುದು ಮರುದಿನ ಎಂದು ಮಾತಾಗಿತ್ತು. ಆಗ ಗದ್ದೆಯವರಿಗೆಲ್ಲ ಹಿರಿಯರಾದ ಲೀಲಾಧರಣ್ಣ ಕ್ಯಾಲೆಂಡರಿನ ಮುಂದೆ ನಿಂತರು.

"ನಾಳೆ ಸೂರ್ಯಗ್ರಹಣ ಅಲ್ವಾ? ಯಾರು ಹೊರಗೆ ಬರ್ತಾರೆ? ಕೆಲಸ ನಾಡಿದ್ದಿಗೆ ಇಟ್ಟುಕೊಳ್ಳುವ."

"ನಾಳೆ ಅಮಾವಾಸ್ಯೆ ಲೀಲಾಧರಣ್ಣ. ದೊಡ್ಡ ನೀರು ಬರ್ತದೆ. ಇವತ್ತೇ ತುಂಬುವ."

"ಇವತ್ತು ಮಣ್ಣಿನ ದೋಣಿ ಎಲ್ಲುಂಟು? ಒಂದು ದಿನದಲ್ಲಿ ಎಂತ ಆಗ್ತದೆ ಮಾರಾಯ?"

"ನಿಮಗೆ ನಾಲ್ಕು ಕಡೆ ಗದ್ದೆ ಉಂಟು. ನನಗೆ ಇರುವುದು ಇದೊಂದೇ!"

"ಬೊಬ್ಬೆ ಹಾಕಬೇಡ. ಮನೆಯಲ್ಲಿ ಬಸುರಿ ಮಗಳನ್ನು ಇಟ್ಟುಕೊಂಡು ಗ್ರಹಣದ ದಿನ ನೀನು ಕೆಲಸಕ್ಕೆ ಇಳೀತೀಯಾ? ಇಳಿ, ನೋಡುವ."

ಅಂಗಾರ ಮನೆಯ ಕಡೆಗೆ ತಿರುಗಿದ. ಮಗಳು ಶ್ರೇಯಾಳಿಗೆ ಹಿಂದಿನ ವರ್ಷ ಒಂದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಅವಳು ಮಗ್ಗುಲು ಬದಲಿಸುವಾಗಲೂ ಮನೆಯವರೆಲ್ಲ ಉಸಿರು ಹಿಡಿಯುತ್ತಿದ್ದರು. ಗ್ರಹಣದಿಂದ ಏನೂ ಆಗುವುದಿಲ್ಲ ಎಂದು ಮಣಿಪಾಲದ ಡಾಕ್ಟರಮ್ಮ ಹೇಳಿದ್ದರು, ನಿಜ. ಆದರೆ ಏನಾದರೂ ಆದರೆ ಮನೆಗೆ ಬಂದು ಅಳುವವರು ಡಾಕ್ಟರಮ್ಮ ಅಲ್ಲವಲ್ಲ.

ಗ್ರಹಣದ ಬೆಳಿಗ್ಗೆ ಅಂಗಾರನ ಹೆಂಡತಿ ಸರಸ ಬಾಗಿಲು ಹಾಕಿದಳು, ಟಿವಿ ಬಂದ್ ಮಾಡಿದಳು, ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ತುಳಸಿ ಎಲೆ ಹಾಕಿದಳು. ಮೇಜಿನ ಮೇಲೆ ಒಂದು ಸ್ಟೀಲಿನ ತಟ್ಟೆ ಇತ್ತು. ತೋಡಿನ ಆಚೆ ದಡದ ಪಾಸ್ಕಲರ ಹೆಂಡತಿ ಆನಿಬಾಯಿ ಕಳಿಸಿದ ಕ್ರಿಸ್ಮಸ್ ತಿಂಡಿ. ಸರಸ ಅದರ ಮೇಲೂ ಒಂದು ಎಲೆ ಇಟ್ಟಳು.

"ಪೊರ್ಬುಗಳ ತಿಂಡಿಗೂ ತುಳಸಿಯಾ?" ಎಂದ ಅಂಗಾರ. ಕ್ರೈಸ್ತರ ಹಿರಿಯರನ್ನು ಈ ಕಡೆ ಕರೆಯುವುದು ಹಾಗೆಯೇ.

"ಯಾರ ಮನೆಯದ್ದು ಎಂದು ಗ್ರಹಣ ಕೇಳಿಕೊಂಡು ಬರ್ತದಾ? ತಟ್ಟೆ ಖಾಲಿ ಆದ ಕೂಡಲೇ ಕೊಟ್ಟು ಬರಬೇಡಿ ಮತ್ತೆ. ಸುಗ್ಗಿ ಕೊಯ್ದ ಮೇಲೆ ಹೊಸ ಅಕ್ಕಿಯ ಅವಲಕ್ಕಿ ಹಾಕಿ ಕೊಡುವ."

ಬಂದ ತಟ್ಟೆಯನ್ನು ಖಾಲಿ ಹಿಂದೆ ಕಳಿಸುವ ಕ್ರಮ ಎರಡು ದಡದಲ್ಲೂ ಇರಲಿಲ್ಲ.

ಹೊರಗೆ ಬಿಸಿಲಿನ ಬಣ್ಣ ಕೆಟ್ಟಿತು. ಮೋಡವಿಲ್ಲದೆ ಮೋಡ ಮುಚ್ಚಿದ ಹಾಗೆ. ಅಂಗಳದಲ್ಲಿ ತೆಂಗಿನ ಗರಿಗಳ ನೆರಳಿನ ನಡುವೆ ಬಿದ್ದಿದ್ದ ಬೆಳಕಿನ ಚುಕ್ಕಿಗಳು ಒಂದೊಂದೂ ಪೈರು ಕೊಯ್ಯುವ ಕತ್ತಿಯ ಹಾಗೆ ಬಾಗಿದವು. ಕಾಗೆಗಳು ಸುಮ್ಮನಾದವು. ಆ ಮೌನದಲ್ಲಿ ಅಂಗಾರನಿಗೆ ಅಣೆಕಟ್ಟಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಹಲಗೆ ಕಂಬಕ್ಕೆ ಬಡಿಯುತ್ತಿತ್ತು.

ಸೂರ್ಯ ಚಂದ್ರ ಇಬ್ಬರೂ ಒಂದೇ ಕಡೆ ನಿಂತು ನೀರನ್ನು ಎಳೆಯುವುದು ಅಮಾವಾಸ್ಯೆಗೆ. ಸೂರ್ಯನಿಗೆ ಚಂದ್ರ ಅಡ್ಡ ಬರುವುದೂ ಅಮಾವಾಸ್ಯೆಗೇ. ಊರಿನವರನ್ನು ಮನೆಯೊಳಗೆ ಕೂರಿಸಿದ್ದು ಯಾವುದೋ, ಹೊರಗೆ ನೀರನ್ನು ಏರಿಸುತ್ತಿದ್ದುದೂ ಅದೇ. "ಈ ದರಿದ್ರದ್ದಕ್ಕೆ ಒಂದು ಸಲವಾದರೂ ಅಷ್ಟಮಿಗೆ ಬರಲಿಕ್ಕೆ ಏನಾಗಿತ್ತು!" ಎಂದು ಅಂಗಾರ ಹಲ್ಲು ಕಡಿದ. ಅಷ್ಟಮಿಯ ನೀರು ಹಲಗೆಯ ಅರ್ಧಕ್ಕೂ ಬರುವುದಿಲ್ಲ.

ಅವನು ಎದ್ದು ಬಾಗಿಲ ಬಳಿ ಬಂದ. ಸರಸ ಅಡ್ಡ ನಿಂತಳು. ಒಳಗಿನ ಕೋಣೆಯಲ್ಲಿ ಶ್ರೇಯಾ ಕೈಕಾಲು ನೀಡಿ ಅಲ್ಲಾಡದೆ ಮಲಗಿದ್ದಳು.

"ಅಪ್ಪಾ, ಹೋಗಬೇಡಿ," ಎಂದಳು. ಅಷ್ಟೇ ಹೇಳಿದ್ದು.

ಅಂಗಾರ ಕಿಟಕಿಯ ಹತ್ತಿರ ಹೋಗಿ ಅದರ ಒಂದು ಕದವನ್ನು ಸ್ವಲ್ಪ ಸರಿಸಿದ. ಬೂದಿ ಬಣ್ಣದ ಬೆಳಕಿನಲ್ಲಿ ಪಾಸ್ಕಲರು ಲುಂಗಿ ಎತ್ತಿ ಕಟ್ಟಿಕೊಂಡು ಆಚೆ ದಡದಿಂದ ಅಣೆಕಟ್ಟಿಗೆ ಇಳಿಯುತ್ತಿದ್ದರು. ಗದ್ದೆಗಳ ಪೈಕಿ ಒಂದು ಅಂಗೈ ಅಗಲವೂ ಅವರದ್ದಲ್ಲ. ಅವರ ಬಾವಿ ಗುಡ್ಡದ ಬದಿಗೆ, ಉಪ್ಪು ಮುಟ್ಟದ ಜಾಗದಲ್ಲಿ.

"ಅಂಗಾರಾ! ನಿನ್ನ ಹಲಗೆ ಏಳ್ತಾ ಉಂಟು! ಬಾ ಮಾರಾಯ!"

"ಬರ್ಲಿಕ್ಕೆ ಆಗುವುದಿಲ್ಲ ಪೊರ್ಬುಗಳೇ! ಶ್ರೇಯಾ ಇದ್ದಾಳಲ್ಲ!"

ಪಾಸ್ಕಲರು ಕಿಟಕಿಯ ಕಡೆ ನೋಡಿದರು. ಬಯ್ಯಲಿಲ್ಲ. "ಹಾಗಾದರೆ ಅಲ್ಲಿಂದಲೇ ಬೊಬ್ಬೆ ಹಾಕು. ನನಗೆ ಎಂತ ಗೊತ್ತುಂಟು ಇದರದ್ದು?"

"ನಡುವಿನ ಕಿಂಡಿ! ಮೇಲಿನ ಹಲಗೆಗೆ ಭಾರ ಇಡಿ! ಕಲ್ಲು ಇಡಿ!"

"ಇಲ್ಲಿ ಕಲ್ಲೆಲ್ಲಿ ಉಂಟು?"

ನಿಜ, ಕಲ್ಲಿರಲಿಲ್ಲ. ಪಾಸ್ಕಲರು ಸುತ್ತ ನೋಡಿ, ಕೊನೆಗೆ ತಾವೇ ಹೋಗಿ ಹಲಗೆಯ ಮೇಲೆ ಕೂತರು. ದಪ್ಪ ಮನುಷ್ಯ. ಹಲಗೆ ಕುಗ್ಗಿ ಕೂತಿತು, ಟಕ್ ಟಕ್ ನಿಂತಿತು. ಸರಸ ಕೂಡ ಗಂಡನ ಹೆಗಲ ಮೇಲಿಂದ ಇಣುಕಿ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು.

"ಆನಿ ಮಾಡಿದ ಕೇಕು ಇವತ್ತು ಉಪಕಾರಕ್ಕೆ ಬಂತು!" ಎಂದು ಅಲ್ಲಿಂದಲೇ ಕೂಗಿದರು ಪಾಸ್ಕಲರು.

ಆದರೆ ಮನುಷ್ಯ ಒಬ್ಬ, ಕಿಂಡಿ ಮೂರು. ಎಡದ ಕಿಂಡಿಯ ಹಲಗೆ ಏಳತೊಡಗಿತು. "ಎಡಕ್ಕೆ! ಕೈಯಲ್ಲಿ ಒತ್ತಿ!" ಎಂದು ಅಂಗಾರ ಕಿರುಚಿದ. ಕೈಯಲ್ಲಿ ಒತ್ತುವ ಕೆಲಸ ಅಲ್ಲ ಅದು. ಅವನೇ ಅಲ್ಲಿದ್ದರೆ ಎಂದೂ ಕೈ ಕೊಡುತ್ತಿರಲಿಲ್ಲ, ಕಾಲಿನಲ್ಲಿ ಮೆಟ್ಟುತ್ತಿದ್ದ. ಕಿಟಕಿಯಲ್ಲಿ ನಿಂತವನ ಬಾಯಿಗೆ ಬಂದದ್ದು ಅದು. ಪಾಸ್ಕಲರು ಹೇಳಿದ ಹಾಗೆ ಬಾಗಿ ಕೈ ಚಾಚಿದರು. ನೀರು ಹಲಗೆಯನ್ನು ಒಮ್ಮೆಲೇ ಎತ್ತಿ ಕಂಬಕ್ಕೆ ಬಡಿಯಿತು. ಬೆರಳುಗಳು ನಡುವೆ ಸಿಕ್ಕಿದವು.

ಅವರು ಕೂಗಿದ್ದು ಕೇಳಿಸಿತು. ಅಂಗಾರ ಕಿಟಕಿಯ ಸರಳು ಹಿಡಿದು ಅಲ್ಲಾಡಿಸಿದ. ಸರಳಿನ ಆಚೆ ಅವನು ಮಾಡುವಂಥದ್ದು ಏನೂ ಇರಲಿಲ್ಲ. ಉಪ್ಪುನೀರು ತೋಡು ತುಂಬಿ, ಬದು ಹಾರಿ, ಮೊಣಕಾಲೆತ್ತರದ ಹಸಿರು ಪೈರಿನೊಳಗೆ ಸದ್ದಿಲ್ಲದೆ ಹರಡುತ್ತಾ ಹೋಯಿತು. ಅದನ್ನು ಅವನು ಪೂರ್ತಿ ನೋಡಿದ.

ಗ್ರಹಣ ಬಿಟ್ಟಿತು ಎಂದು ಸರಸ ಹೇಳುವಷ್ಟರಲ್ಲಿ ಅವನು ಓಡಿಯಾಗಿತ್ತು. ಅಣೆಕಟ್ಟಿನ ಒಳಗೂ ಹೊರಗೂ ನೀರು ಒಂದೇ ಮಟ್ಟ. ಪಾಸ್ಕಲರು ಇನ್ನೂ ನಡುವಿನ ಹಲಗೆಯ ಮೇಲೆಯೇ ಕೂತಿದ್ದರು, ಲುಂಗಿಯ ತುದಿಯಲ್ಲಿ ಕೈ ಸುತ್ತಿಕೊಂಡು.

"ಬಿಟ್ಟಿತಾ ಅಂಗಾರ? ನಾನೀಗ ಏಳಬಹುದಾ?"

ಅಂಗಾರ ಅವರನ್ನು ಹಿಡಿದು ಎಬ್ಬಿಸಿದ.

ಪೈರು ತುದಿಯಿಂದ ಕೆಂಪಾಗುತ್ತಾ ಬಂದು ಒಣಗಿತು. ಶ್ರೇಯಾಳಿಗೆ ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿ. ಧೃತಿ ಎಂದು ಹೆಸರಿಟ್ಟರು. ತಾನು ಒಳಗೆ ಕೂತದ್ದರಿಂದ ಅದು ನೆಟ್ಟಗೆ ಹುಟ್ಟಿತೋ, ಹೊರಗೆ ಹೋಗಿದ್ದರೂ ಹುಟ್ಟುತ್ತಿತ್ತೋ? ಅಂಗಾರ ಯಾರನ್ನು ಕೇಳುವುದು? ಮಗುವನ್ನು ಎತ್ತಿಕೊಂಡಾಗಲೆಲ್ಲ ಆ ಪ್ರಶ್ನೆಯೂ ಜೊತೆಗೆ ಮಡಿಲಿಗೆ ಬರುತ್ತದೆ.

ಪಾಸ್ಕಲರ ಎರಡು ಬೆರಳು ಮತ್ತೆ ಮಡಚಲಿಲ್ಲ. ಸಂಜೆ ಹೊಳೆಯಲ್ಲಿ ಬೀಸುಬಲೆ ಬೀಸುವುದು ಅವರಿಗೊಂದು ಖುಷಿಯಾಗಿತ್ತು, ಅದು ನಿಂತಿತು. ಅಂಗಾರ ತನ್ನ ಬಲೆಗೆ ಬಿದ್ದ ಒಳ್ಳೆಯ ಮೀನನ್ನು ಅವರಿಗೆ ಕೊಟ್ಟು ಬರತೊಡಗಿದ. ಆನಿಬಾಯಿ ಪಾತ್ರೆಯನ್ನು ಖಾಲಿ ಕಳಿಸುವವರೇ? ಒಂದು ದಿನ ಸಣ್ಣ ಎಂಬ ಮೆತ್ತಗಿನ ಇಡ್ಲಿ, ಒಂದು ದಿನ ಬಿಂಬುಳಿ ಉಪ್ಪಿನಕಾಯಿ. ಕೊಟ್ಟಷ್ಟೂ ತಿರುಗಿ ಬರುತ್ತಿತ್ತು. ಬಾಕಿ ಇಳಿಯಲೇ ಇಲ್ಲ.

ಮರುವರ್ಷ ಹಲಗೆ ಹಾಕಲು ಜನ ಕೂಡಲಿಲ್ಲ. ಉಪ್ಪು ತಿಂದ ಗದ್ದೆಗೆ ಯಾರು ಬೆವರು ಸುರಿಸುತ್ತಾರೆ ಎಂದರು. ಅಂಗಾರ ಮನೆ ಮನೆಗೆ ಹೋಗಿ ಕರೆದ, ಬೈದ, ಕೊನೆಗೆ ಕೈ ಮುಗಿದ. ಒಬ್ಬನಿಂದ ಆಗುವ ಕೆಲಸ ಅಲ್ಲ ಅದು. ಅಲ್ಲಿಂದ ಸುಗ್ಗಿ ಬೆಳೆ ನಿಂತೇಹೋಯಿತು, ಮನೆಗೆ ಹೊಸ ಅಕ್ಕಿ ಬರುವುದೂ ನಿಂತಿತು.

ಸ್ಟೀಲಿನ ತಟ್ಟೆ ಮಾತ್ರ ಸರಸಳ ಅಡುಗೆಮನೆಯ ಶೆಲ್ಫಿನಲ್ಲೇ ಉಳಿಯಿತು. "ಉಡುಪಿಯಿಂದ ಅವಲಕ್ಕಿ ತಂದು ಹಾಕಿ ಕೊಟ್ಟುಬಿಡುವ," ಎಂದಳು ಅವಳು ಒಮ್ಮೆ.

"ಅಂಗಡಿಯ ಅವಲಕ್ಕಿಗಾಗಿ ಪೊರ್ಬುಗಳು ಆ ಹಲಗೆಯ ಮೇಲೆ ಕೂತದ್ದಾ?" ಎಂದು ಅಂಗಾರ ಮನೆ ಹಾರಿಹೋಗುವ ಹಾಗೆ ಕಿರುಚಿದ. ಸರಸ ಮತ್ತೆ ಆ ಮಾತೆತ್ತಲಿಲ್ಲ.

ಈಗ ಧೃತಿ ಶಾಲೆಗೆ ಹೋಗುತ್ತಾಳೆ. ತಿಂಡಿಗೆ ಆ ಹೊಳೆಯುವ ತಟ್ಟೆಯೇ ಬೇಕು ಎಂದು ಹಟ ಮಾಡಿದರೆ, "ಅದು ನಮ್ಮದಲ್ಲ ಮಗಾ," ಎನ್ನುತ್ತಾನೆ ಅಜ್ಜ. ಅಮಾವಾಸ್ಯೆಯ ನೀರು ಹಲಗೆಯಿಲ್ಲದ ಕಿಂಡಿಗಳಲ್ಲಿ ನುಗ್ಗಿ ಹುಲ್ಲು ಬೆಳೆದ ಗದ್ದೆಗೆ ಬಂದು ಹೋಗುತ್ತದೆ. ತಟ್ಟೆ ಶೆಲ್ಫಿನಲ್ಲಿ ಖಾಲಿಯೇ ಇದೆ.