ಬಾಗಿಲ ಹಿಂದಿನ ಹಲಗೆ

ಅಜ್ಜಿಯ ಎಡಗಣ್ಣಿನ ಪೊರೆ ತೆಗೆಸಿ ಸಾಗರದ ಮನೆಗೆ ಕರೆತಂದ ದಿನ ಡೈರಿಯಲ್ಲಿ ಬರೆದಿದ್ದೆ: ‘ಮೊದಲ ವಾರ ದಿನಕ್ಕೆ ಆರು ಸಲ ಹನಿ. ತಪ್ಪಬಾರದು, ಹೆಚ್ಚಾಗಲೂ ಬಾರದು.’ ಬಲಗಣ್ಣು ಹೋಗಿ ವರ್ಷಗಳಾಗಿತ್ತು. ಇದೊಂದು ಉಳಿದರೆ ಅಜ್ಜಿ ಮತ್ತೆ ಪೇಪರ್ ಓದಬಹುದಿತ್ತು.

ಹನಿ ಹಾಕುವವರು ಮೂವರು. ಅಪ್ಪ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ಅಮ್ಮನದು ಪೇಟೆಯಲ್ಲಿ ಹೊಲಿಗೆ ಅಂಗಡಿ. ನನಗೆ ಕಾಲೇಜು. ಒಬ್ಬರು ಬರುವಾಗ ಇನ್ನೊಬ್ಬರು ಹೊರಟಿರುತ್ತೇವೆ. ಫೋನಿನಲ್ಲಿ ತಿಳಿಸೋಣವೆಂದರೆ ಅಪ್ಪನಿಗೆ ಬಸ್ಸಿನಲ್ಲಿ ಪುರುಸೊತ್ತಿಲ್ಲ, ಅಮ್ಮನ ಫೋನು ಸದಾ ಬಟ್ಟೆಗಳ ಅಡಿಯಲ್ಲಿ.

ಹಾಗಾಗಿ ಹಲಗೆ ಮಾಡಿದೆ. ಮುರಿದ ಕಪಾಟಿನ ಪ್ಲೈವುಡ್ ತುಂಡಿಗೆ ಇದ್ದಿಲ ಪುಡಿಯನ್ನು ತೊಂಡೆ ಸೊಪ್ಪಿನ ರಸದಲ್ಲಿ ಕಲಸಿ ಮೂರು ಸಲ ಬಳಿದೆ. ಆರು ಮನೆ ಗೆರೆ ಎಳೆದು, ದಾರದಲ್ಲಿ ಸೀಮೆಸುಣ್ಣ ಕಟ್ಟಿದೆ. ಹನಿ ಹಾಕಿದವರು ಒಂದು ಮನೆಯಲ್ಲಿ ಒಂದು ಗೀಟು ಎಳೆಯಬೇಕು. ಬರುವವರೂ ಹೋಗುವವರೂ ನೋಡಲೇಬೇಕೆಂದು ಮುಂಬಾಗಿಲ ಒಳಮೈಗೆ ಮೊಳೆ ಹೊಡೆದು ತೂಗುಹಾಕಿದೆ.

ಮೊದಲ ದಿನ ಎರಡು ಗೀಟು. ಎರಡನೇ ದಿನ ಎರಡು. ಮೂರನೇ ದಿನವೂ ಎರಡು. ಬೆಳಿಗ್ಗೆ ಬೇಗ, ರಾತ್ರಿ ಮಲಗುವಾಗ, ಎಲ್ಲವೂ ನನ್ನವೇ.

“ಮಧ್ಯಾಹ್ನ ಹನಿ ಹಾಕ್ಲಿಲ್ವೇನಮ್ಮಾ?”

“ಹಾಕಿದೀನಿ ಕಣೇ. ಗೀಟು ಹಾಕಾಕೆ ನಿನ್ ಬೋರ್ಡು ಎಲ್ಲೈತಿ?”

“ನಾನೂ ಹಾಕ್ದೆ, ಊಟಕ್ಕೆ ಬಂದಾಗ,” ಎಂದರು ಅಪ್ಪ.

“ನಾನು ಹಾಕಿ ಅರ್ಧ ಗಂಟೆ ಆಗಿತ್ತಲ್ರೀ.”

ಆಗ ಹೊಳೆಯಿತು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ತೆಗೆದ ಮುಂಬಾಗಿಲನ್ನು ಹಗಲಲ್ಲಿ ಯಾರೂ ಹಾಕುವುದಿಲ್ಲ. ಹಾಕಿದರೆ ಏನಾಯಿತೆಂದು ಪಕ್ಕದವರು ವಿಚಾರಿಸಲು ಬರುತ್ತಾರೆ. ನನ್ನ ಹಲಗೆ ದಿನವಿಡೀ ಗೋಡೆಗೆ ಮುಖ ಮಾಡಿ ನಿಂತಿತ್ತು.

“ನನ್ ಕೇಳಿದ್ರೆ ಹೇಳ್ತಿರ್ಲಿಲ್ವಾ?” ಎಂದರು ಅಜ್ಜಿ, ಮಂಚದಿಂದಲೇ. ಮಂಚದ ಕಾಲಿನ ಮೇಲೆ ಹನಿಗೊಂದರಂತೆ ಸುಣ್ಣದ ಬೊಟ್ಟುಗಳಿದ್ದವು. ಹಿಂದೆ ಗದ್ದೆಯಿಂದ ಬರುವ ಹೊರೆಗಳನ್ನು ಹೀಗೇ ಕಂಬದ ಮೇಲೆ ಎಣಿಸುತ್ತಿದ್ದರಂತೆ. ಸುಣ್ಣ ಎಲೆ ಅಡಿಕೆ ಪೆಟ್ಟಿಗೆಯದು.

ನಾನು ಅಜ್ಜಿಯ ಕೈ ಹಿಡಿದುಕೊಂಡೆ. “ಆ ಬೆರಳು ಕಣ್ಣಿಗೆ ತಾಗಿದ್ರೆ ಏನಜ್ಜೀ ಗತಿ?”

“ಸೆರಗಿಗೆ ಒರೆಸ್ಕಂತೀನಿ ಮಾರಾಯ್ತಿ.”

ಅಂದೇ ಹಲಗೆಯನ್ನು ಕಿತ್ತು ಅಜ್ಜಿಯ ಮಂಚದ ಪಕ್ಕದ ಗೋಡೆಗೆ ಹೊಡೆದೆ. ಅಡ್ಡಕ್ಕೆ ದಾರ ಬಿಗಿದು, ಅಮ್ಮನ ಅಂಗಡಿಯ ಆರು ದೊಡ್ಡ ಗುಂಡಿ ಪೋಣಿಸಿದೆ. ಒಂದು ಹನಿಗೆ ಒಂದು ಗುಂಡಿ ಬಲಕ್ಕೆ. ತಳ್ಳುವುದು ಅಜ್ಜಿಯ ಕೆಲಸ. ಕಾಣದಿದ್ದರೂ ಕೈಗೆ ಸಿಗುತ್ತದೆ. ಅಪ್ಪ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟು, ಹಲಗೆಯ ಮೂಲೆಯಲ್ಲಿ ಏನೋ ಬರೆದರು. ಅಜ್ಜಿ ಎರಡು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ.

ನಾಲ್ಕನೇ ದಿನದಿಂದ ವಾರ ಮುಗಿಯುವವರೆಗೆ ಡೈರಿಯಲ್ಲಿ ಒಂದೇ ಅಂಕಿ: ಆರಕ್ಕೆ ಆರು. ಆಮೇಲೆ ಡಾಕ್ಟರು ಹೇಳಿದಂತೆ ನಾಲ್ಕು, ಮೂರು, ಎರಡು ಎಂದು ಗುಂಡಿಗಳು ಇಳಿಯುತ್ತ ಬಂದವು.

ಐದು ವಾರದ ಮೇಲೆ ಕನ್ನಡಕ ಬಂತು. ಅಜ್ಜಿ ಅದನ್ನು ಹಾಕಿಕೊಂಡು ಕೋಣೆಯನ್ನೊಮ್ಮೆ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು:

“ಅಜ್ಜಿ... ಎಷ್ಟು ಕೇಳಿದರೂ... ಸುಣ್ಣ ಕೊಡಬೇಡಿ.”

ಬಾಗಿಲಲ್ಲಿ ಬಸ್ಸಿನ ಚೀಲ ಹಿಡಿದು ನಿಂತಿದ್ದ ಅಪ್ಪನ ಕಡೆ ನೋಡಿದರು. “ತಮ್ಮಾ, ಐದು ವಾರ ನನ್ ತಲೆ ಮೇಲೆ ಇದನ್ನೇ ಬರ್ದಿಟ್ಟಿದ್ಯೇನಾ?”

ಅಪ್ಪ ಚೀಲ ಕೆಳಗಿಟ್ಟು, ಸ್ಟೂಲು ಎಳೆದು, ಕಪಾಟಿನ ಮೇಲಿಂದ ಎಲೆ ಅಡಿಕೆ ಪೆಟ್ಟಿಗೆ ಇಳಿಸಿದರು.