ಊಟದ ಕೋಣೆಗೆ ಎರಡನೆಯದೋ ನಾಲ್ಕನೆಯದೋ

1991ರಲ್ಲಿ, ಕುರುಗೋಡಿನ ಸಾಲಿಯಲ್ಲಿ ಏಳನೆಯ ತರಗತಿ ಅರ್ಧಕ್ಕೆ ಬಂದಾಗ ನನ್ನ ಓದು ನಿಂತಿತು. ನಾನು ಸಾಲಿ ಬಿಟ್ಟೆ ಎಂದು ನಾನು ಹೇಳುತ್ತೇನೆ. ಸಾಲಿಯೇ ಇವರನ್ನು ಬಿಟ್ಟಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಕೆ ಸಿರುಗುಪ್ಪದವಳು, ಹತ್ತನೆಯದು ಪಾಸಾದವಳು. ಆ ಮಾತನ್ನು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಎತ್ತುವುದಿಲ್ಲ, ಎತ್ತಿದಾಗ ಮಾತ್ರ ಸರಿಯಾಗಿ ತಾಗುತ್ತದೆ.

ಸಾಲಿ ಬಿಟ್ಟು ಬಳ್ಳಾರಿಗೆ ಬಂದವನು ಕೌಲ್ ಬಜಾರಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಹತ್ತಿರ ಹಂಡೆ ತೊಳೆಯಲು ನಿಂತೆ. ಆಮೇಲೆ ಜೀನ್ಸ್ ಬಂತು. ಹೊಲಿದ ಪ್ಯಾಂಟುಗಳನ್ನು ತೊಳೆದು ಬಣ್ಣ ಇಳಿಸುವ ಕೆಲಸ ಕಲಿತೆ. ಈಗ ನನ್ನದೇ ವಾಷಿಂಗ್ ಯೂನಿಟ್ ಇದೆ. ಮಷೀನಿನಿಂದ ಒದ್ದೆ ಪ್ಯಾಂಟು ತೆಗೆದು ಕೆಲಸದವರು ನನ್ನ ಮುಂದೆ ಹಿಡಿಯುತ್ತಾರೆ. ಒಣಗಿದ ಮೇಲೆ ಅದು ಎಂಥ ನೀಲಿಯಾಗುತ್ತದೆ ಎಂದು ನಾನು ನೋಡಿಯೇ ಹೇಳುತ್ತೇನೆ. ಒದ್ದೆ ಬಟ್ಟೆ ಕಪ್ಪಗೆ ಕಾಣುತ್ತದೆ, ಒಣಗಿದರೆ ತಿಳಿಯಾಗುತ್ತದೆ, ಎಷ್ಟು ತಿಳಿ ಎಂಬುದೇ ವಿದ್ಯೆ. ಬೇರೆಯವರು ಸರ್ಟಿಫಿಕೇಟು ತೋರಿಸುವ ಜಾಗದಲ್ಲಿ ನಾನು ಕಣ್ಣು ತೋರಿಸಿ ಬದುಕಿದ್ದೇನೆ.

ಹೋದ ವರ್ಷದವರೆಗೂ ಕಂಟೋನ್ಮೆಂಟ್ ಕಡೆಯ ನಮ್ಮ ಮನೆಯಲ್ಲಿ ಒಂದು ಕೋಣೆ ತುಂಬ ಪ್ಯಾಂಟಿನ ಗಂಟುಗಳೇ ಇದ್ದವು. ಯೂನಿಟ್ಟಿಗೆ ದೊಡ್ಡ ಶೆಡ್ ಆದ ಮೇಲೆ ಗಂಟುಗಳು ಅಲ್ಲಿಗೆ ಹೋದವು. ಕೋಣೆ ಖಾಲಿಯಾದ ದಿನವೇ ಹೆಂಡತಿ ಅದನ್ನು ಊಟದ ಕೋಣೆ ಎಂದು ಕರೆದುಬಿಟ್ಟಳು. ಮೇಜು ಬಂತು, ಕುರ್ಚಿ ಬಂದವು, ಬಣ್ಣ ಹಚ್ಚುವುದೊಂದು ಉಳಿಯಿತು. ಕುರುಗೋಡಿನಲ್ಲಿ ನಾವು ಉಣ್ಣುತ್ತಿದ್ದ ಅಡುಗೆಮನೆಯ ಗೋಡೆಗೆ ಬಣ್ಣ ಹಚ್ಚುತ್ತಿದ್ದುದು ಒಲೆಯ ಹೊಗೆ. ಅದಕ್ಕೆ ಶೇಡ್ ಕಾರ್ಡ್ ಇರಲಿಲ್ಲ.

ಹೆಂಡತಿಗೆ ಬೇಕಾಗಿದ್ದು ಕಟಾವಿಗೆ ಬಂದ ಭತ್ತದ ಗದ್ದೆಯ ಬಣ್ಣ. ಅಂಗಡಿಯಿಂದ ತಂದಿದ್ದ ಶೇಡ್ ಕಾರ್ಡಿನಲ್ಲಿ ಆ ಜಾತಿಯ ಹಳದಿ ಆರು ಇದ್ದವು, ಮೇಲೆ ತಿಳಿ, ಕೆಳಗಿಳಿದಂತೆ ಗಾಢ. ಆಕೆ ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿ, ಮೇಲಿನಿಂದ ಎರಡನೆಯದರ ಮೇಲೆ ಬೆರಳಿಟ್ಟಳು.

"ಇದನ್ನ ತರ್ರಿ. ನಿಮ್ಮ ಶ್ಯಾಣ್ಯಾತನ ಅಂಗಡ್ಯಾಗ ತೋರಿಸಬ್ಯಾಡ್ರಿ."

ಇಂಥ ಮಾತು ಕೇಳಿಕೊಂಡು ಸುಮ್ಮನಿರುವ ಜಾತಿ ನನ್ನದಲ್ಲ. ಅಲ್ಲೇ ಪಂಥ ಕಟ್ಟಿದೆ. ಗೋಡೆ ಒಣಗಿದ ಮೇಲೆ ಬಣ್ಣ ಆಕೆಯ ಮನಸ್ಸಿಗೆ ಬರದಿದ್ದರೆ ಈ ಮನೆಯಲ್ಲಿ ಇನ್ನು ಬಣ್ಣದ ವಿಷಯಕ್ಕೆ ನಾನು ಬಾಯಿ ತೆರೆಯುವುದಿಲ್ಲ. ಮನಸ್ಸಿಗೆ ಬಂದರೆ, ನಿಮ್ಮ ತಮ್ಮನ ಕಣ್ಣೇ ಕಣ್ಣು ಎಂದು ಆಕೆ ನನ್ನ ಅಕ್ಕನ ಎದುರಿಗೆ ಹೇಳಬೇಕು. ಅಕ್ಕ ಕುರುಗೋಡಿನಲ್ಲೇ ಇದ್ದಾಳೆ. ನಾನು ಸಾಲಿ ಬಿಟ್ಟಾಗ ವಾರಗಟ್ಟಲೆ ಮಾತು ಬಿಟ್ಟವಳು. ಅವಳ ಎದುರಿಗೆ ಆ ಮಾತು ಬರಲಿ ಎಂಬುದು ನನ್ನ ಬಹಳ ದಿನದ ಆಸೆ.

ಬ್ರೂಸ್‌ಪೇಟೆಯ ಅಂಗಡಿಗೆ ಹೋದೆ. ಹೋಗುವಾಗಲೇ ಲೆಕ್ಕ ಹಾಕಿದ್ದೆ: ಎರಡನೆಯದು ಒಣಗಿದರೆ ಮಜ್ಜಿಗೆಯಾಗುತ್ತದೆ, ಅದಕ್ಕೆ ಮೂರನೆಯದು ಒಯ್ದರೆ ಒಣಗಿ ಎರಡನೆಯದಾಗುತ್ತದೆ. ಮೂರನೆಯದನ್ನೇ ಕಲಸಿಸಿದೆ. ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ.

ಪೇಂಟರು ಕೌಲ್ ಬಜಾರಿನ ಹಳೆಯ ಪರಿಚಯದವನು. ಮೊದಲ ಕೋಟ್ ಹಚ್ಚಿದ ದಿನ ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ, ಒದ್ದೆ ಗೋಡೆ ಈಗಲೇ ಎರಡನೆಯದರಷ್ಟು ತಿಳಿಯಾಗಿದೆ. ಒಣಗಿದರೆ ಇದರ ಗತಿ ಏನು? ಪೇಂಟರು ಏನೋ ಹೇಳಲು ಬಂದ.

"ಅಣ್ಣಾ, ಗ್ವಾಡಿ ಬಣ್ಣ ಒಣಗಿದ ಮ್ಯಾಲೆ..."

"ಒಣಗೋ ವಿಷಯ ನನಗ ಹೇಳ್ತಿಯೇನೋ? ಮೂವತ್ತು ವರ್ಷದಿಂದ ಒಣಗಿಸಾಕ ಹತ್ತೀನಿ."

ಅವನು ನನ್ನ ಹೆಂಡತಿಯ ಕಡೆ ನೋಡಿದ. ಆಕೆ ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಬ್ರಷ್ ತೊಳೆಯಲು ಹೋದ. ನಾನು ಉಣ್ಣದೆ ಮತ್ತೆ ಬ್ರೂಸ್‌ಪೇಟೆಗೆ ಹೋಗಿ ನಾಲ್ಕನೆಯದನ್ನು ತಂದೆ. ಅಂಗಡಿಯವರು ಮನೆಯಲ್ಲಿ ಜಗಳವೇ ಎಂದು ಕೇಳಿದರು. ಅಂಥದ್ದೇನಿಲ್ಲ, ಮನೆಯವರಿಗೆ ಬಣ್ಣದ ತಿಳಿವಳಿಕೆ ಕಮ್ಮಿ ಎಂದೆ.

ಸಂಜೆ ಎರಡನೇ ಕೋಟ್ ಮುಗಿಯಿತು. ಒದ್ದೆ ಗೋಡೆ ಮೂರನೆಯದರಂತೆ ಕಂಡಿತು. ಬೆಳಗಿಗೆ ಎರಡನೆಯದು, ಸರಿಯಾಯಿತು ಎಂದು ಹೊಟ್ಟೆ ತುಂಬ ಉಂಡು ಮಲಗಿದೆ.

ಬೆಳಿಗ್ಗೆ ಬಾಗಿಲು ತೆರೆದರೆ ಗೋಡೆ ತಿಳಿಯಾಗಿರಲಿಲ್ಲ, ಏರಿತ್ತು. ಕಾರ್ಡ್ ತಂದು ಹಿಡಿದೆ. ನಾಲ್ಕನೆಯದು ನಾಲ್ಕನೆಯದಾಗಿಯೇ ನಿಂತಿತ್ತು, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಬಟ್ಟೆಯ ನ್ಯಾಯ ಬೇರೆ, ಗೋಡೆಯ ನ್ಯಾಯ ಬೇರೆ: ಗೋಡೆ ಒದ್ದೆಯಿದ್ದಾಗ ತಿಳಿ, ಒಣಗಿದರೆ ಗಾಢ. ಬಣ್ಣದಲ್ಲೇ ಬೆಳೆದ ನನಗೆ ಇದು ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಲು ಆ ಹೊತ್ತಿನಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ. ನನಗೂ ಹೇಳಿಕೊಳ್ಳಲಿಲ್ಲ.

ಹೆಂಡತಿ ಚಹಾ ತಂದಳು. ನಾಲ್ಕೂ ಗೋಡೆ ನೋಡಿದಳು. ನಾನು ಚಹಾದಲ್ಲಿ ಮುಖ ಮುಚ್ಚಿಕೊಂಡೆ.

"ಚೊಲೊ ಬಂದೈತ್ರಿ," ಎಂದು ಒಳಗೆ ಹೋದಳು.

ಆ ಕ್ಷಣ ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆಗಿದ್ದು ಹೆಮ್ಮೆಯೇ. ಯೂನಿಟ್ಟಿಗೆ ಹೋಗಿ ಕೆಲಸದವರಿಗೆಲ್ಲ ಹೇಳಿದೆ: ಬಟ್ಟೆ ಇರಲಿ ಗೋಡೆ ಇರಲಿ, ಕಣ್ಣು ಒಂದೇ.

ಭಾನುವಾರ ಹೊಸ ಮೇಜಿನ ಮೇಲೆ ಮೊದಲ ಊಟ. ಕುರುಗೋಡಿನಿಂದ ಅಕ್ಕ ಬಂದಳು, ಸಿರುಗುಪ್ಪದಿಂದ ಹೆಂಡತಿಯ ತಮ್ಮ ಬಂದ. ಬಾಗಿಲಿಗೆ ಕಟ್ಟಲು ಅವನು ಗದ್ದೆಯಿಂದ ಒಂದು ಹಿಡಿ ಭತ್ತದ ತೆನೆ ತಂದಿದ್ದ. ಹೆಂಡತಿ ಅದನ್ನು ಇಸಿದುಕೊಂಡು ಗೋಡೆಗೆ ಹಿಡಿದಳು. ತೆನೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು, ತಿಳಿಯಲಿಲ್ಲ. ನಾನು ಕುರ್ಚಿಯಲ್ಲಿ ಸ್ವಲ್ಪ ಮೇಲೆದ್ದು ಕೂತೆ.

ಹೆಂಡತಿ ಸೆರಗು ಸರಿಮಾಡಿಕೊಂಡು ಅಕ್ಕನ ಕಡೆ ತಿರುಗಿದಳು. "ಅಕ್ಕಾರ, ನಿಮ್ಮ ತಮ್ಮನ ಕಣ್ಣ ಕಣ್ಣು ನೋಡ್ರಿ."

ಅಕ್ಕನ ಬಾಯಲ್ಲಿ ರೊಟ್ಟಿ ಇತ್ತು. ಅದು ಹೊರಗೆ ಬೀಳುವಷ್ಟು ನಕ್ಕಳು. ನೀರು ಕುಡಿಸಬೇಕಾಯಿತು.

"ಲೇ ತಮ್ಮಾ, 'ಎರಡನೇದು ತರ್ರಿ ಅಂತೀನಿ, ಅವರು ನಾಕನೇದು ತರ್ತಾರ, ನನಗ ಬೇಕಾಗಿದ್ದೂ ನಾಕನೇದ' ಅಂತ ನಿನ್ನ ಹೇಣ್ತಿ ಎಂದೋ ಫೋನ್ ಮಾಡಿ ಹೇಳ್ಯಾಳಲೇ."

ನಾನು ಹೆಂಡತಿಯ ಮುಖ ನೋಡಿದೆ. ಆಕೆ ಎಲ್ಲರಿಗೂ ಶೇಂಗಾ ಚಟ್ನಿ ಹಾಕುತ್ತಾ ಬಂದು, ನನ್ನ ತಟ್ಟೆಯ ಹತ್ತಿರ ನಿಂತಳು.

"ಲಗ್ನಕ್ಕ ನಾ ಎಳಿ ಹಸಿರು ಸೀರಿ ಕೇಳಿದ್ದೆ. ನೀವು ತಂದಿದ್ದು ಎಮ್ಮಿ ಬಣ್ಣದ ಹಸಿರು. ಒಗದ್ರ ಇಳೀತೈತಿ ಅಂದ್ರಿ. ಇಪ್ಪತ್ನಾಕು ವರ್ಷ ಆತು, ಇನ್ನಾ ಇಳಿದಿಲ್ಲ. ಅವತ್ತಿಂದ ಎರಡು ಮೆಟ್ಲ ಮ್ಯಾಲ ನಿಂತ ಕೇಳ್ತೀನ್ರಿ."

ಹೆಂಡತಿಯ ತಮ್ಮ ಪಂಥ ಯಾರು ಗೆದ್ದಂತಾಯಿತು ಎಂದು ಕೇಳಿದ. ಬಣ್ಣ ಮನಸ್ಸಿಗೆ ಬಂದಿದೆ, ಮಾತೂ ಬಾಯಿಂದ ಬಂದಿದೆ, ನಾನೇ ಗೆದ್ದೆ ಎಂದು ವಾದಿಸಿದೆ. ಎಲ್ಲರೂ ಹೌದು ಹೌದು ಎಂದರು, ಅದೇ ಸೋಲು. ಕೈ ತೊಳೆಯುವಾಗ ಒಂದೊಂದೇ ನೆನಪಾದವು. ಬಾಗಿಲಿನ ಪರದೆ, ಗೇಟಿನ ಬಣ್ಣ, ನನ್ನ ಸ್ಕೂಟರ್. ಎಲ್ಲದರಲ್ಲೂ ಆಕೆ ತಿಳಿಯಾದುದನ್ನು ಕೇಳಿದ್ದಳು, ನಾನು ಹಟ ಹಿಡಿದು ಗಾಢವಾದುದನ್ನು ತಂದಿದ್ದೆ, ಆಕೆ ಸೋತವಳಂತೆ ಸುಮ್ಮನಾಗಿದ್ದಳು. ನಾನು ಇಷ್ಟು ವರ್ಷ ಆ ಗೆಲುವುಗಳ ಮೇಲೆ ಮೀಸೆ ತಿರುವಿದ್ದೆ.

ಮರುದಿನ ಯೂನಿಟ್ಟಿನಲ್ಲಿ ಒದ್ದೆ ಪ್ಯಾಂಟು ನನ್ನ ಮುಂದೆ ಹಿಡಿದರು. ಇನ್ನೂ ಐದು ನಿಮಿಷ ಎಂದೆ. ಅದು ಸರಿಯಾಗಿಯೇ ಬಂತು. ಗೋಡೆಯ ಮಾತನ್ನು ಮಾತ್ರ ಅಲ್ಲಿ ಮತ್ತೆ ಎತ್ತಿಲ್ಲ.

ಈಗ ನನಗಿರುವುದು ಒಂದು ಶೆಡ್, ಆರು ಮಷೀನು, ಹತ್ತೊಂಬತ್ತು ಕೆಲಸದವರು, ಒಂದು ಮನೆ, ಒಂದು ಊಟದ ಕೋಣೆ, ಆರು ಕುರ್ಚಿ, ಅರ್ಧ ಡಬ್ಬಿ ಮೂರನೆಯ ಬಣ್ಣ. ಇದರಲ್ಲಿ ನನ್ನ ಕಣ್ಣೇ ಆರಿಸಿದ್ದು ಆ ಅರ್ಧ ಡಬ್ಬಿ ಮಾತ್ರ. ಇನ್ನೊಂದು ಹೆಂಡತಿಯ ಟ್ರಂಕಿನಲ್ಲಿದೆ: ಲಗ್ನದ ಸೀರೆ, ಒಂದು.