ಮಾರಾಟಕ್ಕಿಲ್ಲದ ಸಂತೆ

ಚಳಿಗಾಲ ಬಂತೆಂದರೆ ಹೊಸಪೇಟೆ ಸ್ಟೇಷನ್ನಿಗೆ ಒಂದು ಐಷಾರಾಮಿ ರೈಲು ಬರುತ್ತದೆ. ಹಡಗಿನಲ್ಲಿ ವಿಹಾರ ಹೊರಟವರು ಬಂದರು ಬಂದರಲ್ಲೂ ಇಳಿದು ಹತ್ತುವಂತೆ, ಇದರ ಪ್ರಯಾಣಿಕರು ಊರೂರಲ್ಲಿ ಇಳಿದು, ಅರ್ಧ ದಿನ ಕಣ್ಣಾಡಿಸಿ, ಊಟದ ಹೊತ್ತಿಗೆ ಮತ್ತೆ ಬೋಗಿ ಸೇರುತ್ತಾರೆ. ಕಾಲೇಜಿನ ಇಂಗ್ಲಿಷ್ ಪಾಠ ಬಿಟ್ಟು ಗೈಡ್ ಆದ ಮೇಲೆ ಇವರನ್ನು ಸುತ್ತಿಸುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಅವರ ಬಗ್ಗೆ ನನಗೆ ಗೌರವ ಯಾವತ್ತೂ ಹುಟ್ಟಲಿಲ್ಲ.

ಬೆಳಗಿನ ತಿಂಡಿಯ ಜೊತೆಗೇ ಅವರಿಗೊಂದು ಪ್ರಶ್ನೆ ಬಡಿಸುತ್ತಿದ್ದರು: ಹಂಪಿಯ ಹಾಳುಗಳೋ, ಊರಿನ ಸಂತೆಯೋ? ಎರಡಕ್ಕೂ ಹೊತ್ತಿಲ್ಲ, ಒಂದನ್ನು ಆರಿಸಿಕೊಳ್ಳಿ. ಒಂದು ರಾಜಧಾನಿಯನ್ನೂ ಒಂದು ಬುಟ್ಟಿ ಟೊಮೆಟೊವನ್ನೂ ಇಡ್ಲಿ–ಪೂರಿಯಂತೆ ಪಕ್ಕಪಕ್ಕ ಇಟ್ಟು ಕೇಳುವವರಿಗೆ ನಾಚಿಕೆಯಿರಲಿಲ್ಲ. ಆರಿಸಿಕೊಳ್ಳುವವರಿಗಂತೂ ಮೊದಲೇ ಇರಲಿಲ್ಲ. ಹೊಸ ಟೋಪಿ ಕೊಂಡವರು ಹಾಳುಗಳಿಗೆ ಹೋಗುತ್ತಿದ್ದರು. ಮೊಣಕಾಲು ನೋವಿನವರು ಸಂತೆಗೆ.

ಆ ದಿನ ಪ್ಲಾಟ್‌ಫಾರ್ಮಿನ ಮೇಲೆ ಮುಂಬೈಯಿಂದ ಬಂದಿದ್ದ ದಂಪತಿ ಜಗಳ ಹೂಡಿದ್ದರು. ಇಬ್ಬರಿಗೂ ಎಪ್ಪತ್ತರ ಹತ್ತಿರ ವಯಸ್ಸು. ಗಂಡ ನಿವೃತ್ತ ವಕೀಲ. ಮಾತಾಡುವಾಗ ಎದುರಿಗೆ ನ್ಯಾಯಾಧೀಶರು ಕೂತಿದ್ದಾರೇನೋ ಎಂಬಂತೆ ಕತ್ತೆತ್ತುತ್ತಿದ್ದ.

"ಇಷ್ಟು ದೂರ ಬಂದು ಬದನೆಕಾಯಿ ನೋಡುತ್ತೀಯಾ?" ಎಂದ.

"ಮೂರು ದಿನದಿಂದ ಕಲ್ಲೇ ನೋಡಿದ್ದೇನೆ. ಬದನೆಕಾಯಿಯನ್ನಾದರೂ ತಿನ್ನಬಹುದು," ಎಂದಳು ಹೆಂಡತಿ.

ಅವನು ಹಂಪಿಯ ಬಸ್ಸು ಹತ್ತಿದ, ಅವಳು ನನ್ನ ಬಸ್ಸು ಹತ್ತಿದಳು. ನಾನು ಹೊಸಪೇಟೆಯ ಕಾಯಿಪಲ್ಲೆ ಮಾರ್ಕೆಟ್ಟಿಗೆ ಹೋಗುವುದೆಂದುಕೊಂಡಿದ್ದೆ. ನಮ್ಮ ಮನೆಯವರು ಅಲ್ಲೇ ತರಕಾರಿ ಕೊಳ್ಳುವುದು, ಅರ್ಧ ಮಾರ್ಕೆಟ್ಟಿಗೆ ನನ್ನ ಪರಿಚಯವಿದೆ. ಆದರೆ ಬಸ್ಸು ಊರ ಕಡೆ ತಿರುಗದೆ ಮಲಪನಗುಡಿಯ ದಾರಿ ಹಿಡಿಯಿತು. ರೈಲಿನ ಪ್ರವಾಸದ ಮ್ಯಾನೇಜರ್, ಕುತ್ತಿಗೆಗೆ ಟೈ ಬಿಗಿದಿದ್ದ ದೆಹಲಿಯ ಯುವಕ, ನನ್ನ ಪಕ್ಕ ಬಗ್ಗಿ ಹೇಳಿದ: "ಮೇಡಂ, ಆ ಮಾರ್ಕೆಟ್ಟಿನಲ್ಲಿ ಕೆಸರು, ದನ, ವಾಸನೆ. ಈ ಸಲ ಸಂತೆಯನ್ನು ನಾವೇ ಏರ್ಪಾಡು ಮಾಡಿದ್ದೇವೆ."

ಏರ್ಪಾಡಾದ ಸಂತೆ ಇದ್ದದ್ದು ಒಂದು ರೆಸಾರ್ಟಿನ ಹಿತ್ತಲಲ್ಲಿ. ಕತ್ತರಿಸಿದ ಹುಲ್ಲುಹಾಸಿನ ಮೇಲೆ ಗರಿಯ ಚಪ್ಪರಗಳು, ಅವುಗಳ ಕೆಳಗೆ ಏಳೆಂಟು ಹೆಂಗಸರು. ಎಲ್ಲರಿಗೂ ಕನ್ನಡಿ ಹೊಲಿದ ಲಂಬಾಣಿ ಲಂಗ, ರವಿಕೆ. ಮುಂದೆ ಹೊಸ ಬುಟ್ಟಿಗಳಲ್ಲಿ ತೊಳೆದು ಒರೆಸಿದ ತರಕಾರಿ. ಸಂಡೂರಿನ ತಾಂಡಾಗಳ ಹೆಂಗಸರು ಕೂತು ಕಸೂತಿ ಹಾಕುವುದನ್ನು ನೋಡಿದವಳು ನಾನು. ಆ ಬಟ್ಟೆ ಮೈಮೇಲೆ ಹೇಗೆ ಕೂರುತ್ತದೆಂದು ಗೊತ್ತು. ಇವರು ನಾಟಕದ ಕಂಪನಿಯಿಂದ ಬಾಡಿಗೆಗೆ ತಂದ ಉಡುಪಿನಲ್ಲಿ ಮೈ ಹಿಡಿದುಕೊಂಡು ಕೂತಿದ್ದರು.

ಪ್ರಯಾಣಿಕರು ಫೋನು ಹೊರತೆಗೆದು "ಎಷ್ಟು ಸಹಜವಾಗಿದೆ" ಎಂದರು. ಯಾರೂ ಯಾರಿಗೂ ಏನೂ ಕೂಗಿ ಕರೆಯದ ಸಂತೆ ಅವರಿಗೆ ಸಹಜವಾಗಿ ಕಂಡಿತ್ತು.

ವಕೀಲನ ಹೆಂಡತಿ ಮಾತ್ರ ಫೋನು ತೆಗೆಯಲಿಲ್ಲ. ನೇರ ಹೋಗಿ ಒಬ್ಬ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಬದನೆಕಾಯಿಯ ತೊಟ್ಟು ಒತ್ತಿ, ತೂಗಿ ನೋಡಿ, ಹಿಂದಿಯಲ್ಲಿ ದರ ಕೇಳಿದಳು. ಹೆಂಗಸು ಮ್ಯಾನೇಜರನ ಮುಖ ನೋಡಿದಳು. ಅವನು ನಗುತ್ತ ಬಂದ. "ಮೇಡಂ, ಇದು ಅನುಭವಕ್ಕೆ. ಕೊಳ್ಳುವುದಿದ್ದರೆ ಒಳಗೆ ಅಂಗಡಿ ಇದೆ, ಚಂದದ ಸ್ಕಾರ್ಫು, ಕಲ್ಲಿನ ಆನೆ."

ವಕೀಲನ ಹೆಂಡತಿ ನನ್ನತ್ತ ತಿರುಗಿದಳು. "ಇವಳನ್ನೇ ಕೇಳಿ. ಏನು ಹೇಳುತ್ತಾಳೋ ಹಾಗೇ ಹೇಳಿ."

ಕೇಳಿದೆ. ಹೆಂಗಸು ದನಿ ತಗ್ಗಿಸಿ ಹೇಳಿದಳು: "ಮಾರಂಗಿಲ್ಲಂತ್ರೀ. ಫೋಟೋಕ್ಕ ಇಟ್ಟಾರ. ಆಮ್ಯಾಲ ಅಡಿಗಿ ಮನಿಗೆ ಒಯ್ತಾರ. ನಮ್ದು ಕಂಪ್ಲಿ ಹತ್ರ ರೀ, ಭತ್ತ ನಾಟಿ ಮಾಡೋರು. ಇವತ್ತ ಹಿಂಗ ಕುಂದ್ರು ಅಂದ್ರು."

ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಎಲ್ಲರಿಗೂ ಕೇಳುವಂತೆ. ಮ್ಯಾನೇಜರನ ಕಿವಿ ಕೆಂಪಾಯಿತು. ನಂತರ ಹಿಂದಿನಿಂದ ಒಬ್ಬ, "ಆದರೂ ಫೋಟೋ ತೆಗೆಯಬಹುದಲ್ಲವೇ?" ಎಂದು ಕೇಳಿದ. ತೆಗೆಯಬಹುದೆಂದು ಗೊತ್ತಾದ ಕೂಡಲೇ ಎಲ್ಲರೂ ಸಮಾಧಾನದಿಂದ ಮುಂದುವರಿಸಿದರು.

"ನನಗೆ ನಿಜವಾದ ಮಾರ್ಕೆಟ್ಟು ತೋರಿಸಿ," ಎಂದಳು ಮುದುಕಿ. ಬಸ್ಸು ಬಿಟ್ಟು ಹೋಗುವಂತಿಲ್ಲವೆಂದು ಮ್ಯಾನೇಜರ್ ನಿಯಮ ಹೇಳುತ್ತಿರುವಾಗಲೇ ಅವಳು ಗೇಟು ದಾಟಿದ್ದಳು. ನಾನು ಹಿಂದೆಯೇ ಹೋಗಿ ರಸ್ತೆಯಲ್ಲಿ ಆಟೋ ನಿಲ್ಲಿಸಿದೆ.

ಇಲ್ಲಿ ಅವಳನ್ನು ಹೊಗಳುವ ಆಸೆಯಾಗುತ್ತದೆ. ಆದರೆ ಮಾರ್ಕೆಟ್ಟಿನ ಬಾಯಲ್ಲಿ ಇಳಿದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿದಳು. ಬೆಂಡೆಕಾಯಿ ರಾಶಿಗೆ ಕೈಯಿಟ್ಟು ಒಂದೊಂದರ ತುದಿ ಮುರಿಯತೊಡಗಿದಳು, ಅವಳ ಊರಲ್ಲಿ ಹಾಗೆ ನೋಡುವ ಕ್ರಮವಂತೆ. ಮಾರುವಾಕೆ ತಲೆಯೆತ್ತದೆ, "ಅಕ್ಕಾರ, ತಗಳ್ಳೋದಿದ್ರ ಮುರೀರಿ. ಮುರುದಿದ್ದು ಆಮ್ಯಾಲ ಯಾರ್ ಒಯ್ತಾರ?" ಎಂದಳು. ಇದನ್ನೂ ಇಂಗ್ಲಿಷಿಗೆ ತಂದೆ. ಮುದುಕಿ ಮುಖ ಗಂಟಿಕ್ಕಿದಳು. ನಿಜವಾದ ಮಾರ್ಕೆಟ್ಟು ತನಗೆ ನಮಸ್ಕಾರ ಮಾಡುತ್ತದೆ ಎಂದುಕೊಂಡಿದ್ದಳೋ ಏನೋ. ಕೊನೆಗೆ ಹಟಕ್ಕೆ ಬಿದ್ದು ಚೌಕಾಸಿ ಮಾಡಿ ಒಂದು ಚೀಲ ಬದನೆಕಾಯಿ ಕೊಂಡಳು. ರೈಲಿನಲ್ಲಿ ಅವಳು ಅಡಿಗೆ ಮಾಡುವಂತಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಸ್ಟೇಷನ್ನಿಗೆ ಬಂದಾಗ ವಕೀಲ ಕೆಂಪಗೆ ಬೆಂದ ಮೂಗಿನೊಡನೆ ಕಾಯುತ್ತಿದ್ದ. "ಏನು ನೋಡಿದಿರಿ?" ಎಂದು ಕೇಳಿದೆ.

"ಬಿಸಿಲಲ್ಲಿ ಕಂಬದ ಸಾಲು ತೋರಿಸಿದರು, ಉದ್ದಕ್ಕೆ. ಹಿಂದಿನ ಕಾಲದ ಪೇಟೆಯಂತೆ," ಎಂದ ಬೇಸರದಿಂದ. ಹೆಂಡತಿ ಚೀಲವನ್ನು ಅವನ ಕೈಗೆ ತುರುಕಿ ಬೋಗಿ ಹತ್ತಿದಳು.

ಅದಾದ ಮೇಲೆ ಆ ಕಂಪನಿ ನನ್ನನ್ನು ಕರೆಯಲಿಲ್ಲ. ಬೇರೆ ಗೈಡೊಬ್ಬ ಹೇಳಿದ, ಹಿತ್ತಲ ಸಂತೆ ಈಗಲೂ ನಡೆಯುತ್ತಿದೆ, ಅಲ್ಲೊಂದು ಎಮ್ಮೆಯನ್ನೂ ಕಟ್ಟಿದ್ದಾರೆ, ಅದಕ್ಕೆ ದಿನಾ ಸೋಪು ಹಚ್ಚಿ ಸ್ನಾನ ಮಾಡಿಸುತ್ತಾರೆ ಎಂದು. ನನಗೆ ಆಶ್ಚರ್ಯವಾಗಲಿಲ್ಲ.

ಬೇಸಿಗೆಯಲ್ಲಿ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಹಿತ್ತಲ ಸಂತೆಯ ಆ ನಾಟಿಯ ಹೆಂಗಸು ಸಿಕ್ಕಳು. ಗುರುತು ಹಿಡಿದು ಪಕ್ಕದಲ್ಲೇ ಜಾಗ ಮಾಡಿಕೊಟ್ಟಳು. ನನ್ನ ಮಾತಿನಿಂದ ಅವಳಿಗೇನಾದರೂ ತೊಂದರೆಯಾಯಿತೇ ಎಂದು ಕೇಳಿದೆ.

"ಏನಿಲ್ರೀ. ಮತ್ತ ಮತ್ತ ಕರದ್ರು. ಚಳಿಗಾಲ ಪೂರಾ ಹೋಗೀನಿ."

"ಆ ವೇಷ ಹಾಕ್ಕೊಂಡು ಸುಮ್ಮನೆ ಕೂರೋದು ನಿಮಗೆ ಹ್ಯಾಗನ್ನಿಸ್ತದೆ?" ಎಂದೆ. ನನ್ನ ದನಿಯಲ್ಲಿ ತಿರಸ್ಕಾರವಿತ್ತು. ಅದು ಅವಳ ಮೇಲಲ್ಲ ಎಂದು ನಾನಂದುಕೊಂಡಿದ್ದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗದ್ದ್ಯಾಗ ದಿನಾ ಬಗ್ಗಿ ನೋಡ್ರಿ ಮೇಡಂ. ಅಲ್ಲಿ ನೆಳ್ಳೈತಿ, ಚಾ ಕೊಡ್ತಾರ. ಬಂದೋರು ಫೋಟೋ ತಗಂಡು ಹೊಕ್ಕಾರ, ನಮಗೇನ್ ಹೋಗೋದು?"

ಕಂಪ್ಲಿ ಬರುವವರೆಗೂ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು.